ಮೂರನೆಯ ದಿನದ ಕುಸ್ಕುಸ್

ಲಲ್ಲಾ ಮನ್ನಾನಾ,

ನಿನ್ನನ್ನು ಹೀಗೆ ಕರೆದು ಇಪ್ಪತ್ತನಾಲ್ಕು ವರ್ಷವಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ, ನೀನು ಹಿರಿಯಳೆಂಬ ಮರ್ಯಾದೆಗೆ, ಲಲ್ಲಾ ಎನ್ನುತ್ತಿದ್ದೆ. ನನ್ನ ಕೂಸು ಅನ್ವರ್ ಹೋದ ಮೇಲೆ ಬಿಟ್ಟೆ. ಆಮೇಲೆ ನಿನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಉಪ್ಪು ಬೇಕಾದರೆ 'ಉಪ್ಪು' ಎನ್ನುತ್ತಿದ್ದೆ, ನೀನು ಡಬ್ಬಿ ಸರಿಸುತ್ತಿದ್ದೆ. ಒಬ್ಬನೇ ಗಂಡನ ಇಬ್ಬರು ಹೆಂಡಿರು, ಒಂದೇ ಒಲೆ, ಅಷ್ಟು ವರ್ಷ ಅಷ್ಟೇ ಮಾತು.

ನಿನ್ನನ್ನು ಮಣ್ಣು ಮಾಡಿ ಇವತ್ತಿಗೆ ಐದನೆಯ ದಿನ. ಮಸೀದಿಯ ಹೆಂಗಸರ ತರಗತಿಯಲ್ಲಿ ಕಲಿತ ಅಕ್ಷರದಲ್ಲಿ ಇದನ್ನು ಬರೆಯುತ್ತಿದ್ದೇನೆ. ನಾನು ಮೊದಲ ದಿನ ಪುಸ್ತಕದ ಚೀಲ ಹಿಡಿದು ಹೊರಟಾಗ ನೀನು ಗೋಡೆಗೆ ಹೇಳುವವಳ ಹಾಗೆ, "ಈ ವಯಸ್ಸಲ್ಲಿ ಯಾರಿಗಂತೆ ಪತ್ರ ಬರೆಯೋದು?" ಎಂದಿದ್ದೆ. ನಾನು ಬಾಗಿಲು ಎಳೆದುಕೊಂಡೆ. ಈಗ ಬರೆಯಲು ಕೂತರೆ ನಿನ್ನನ್ನು ಬಿಟ್ಟು ಬೇರೆ ಯಾರೂ ನೆನಪಾಗುತ್ತಿಲ್ಲ.

ಬುಧವಾರ ನಿನಗೆ ಸ್ನಾನ ಮಾಡಿಸುವಾಗ ನೀರು ಹೊಯ್ದು ಕೊಟ್ಟವಳು ನಾನೇ. ನಿನ್ನ ಕಾಲುಗಳು ಅಷ್ಟು ಚಿಕ್ಕವೆಂದು ನಾನು ಎಂದೂ ನೋಡಿರಲಿಲ್ಲ. ಅಷ್ಟೇ ನನಗೆ ಹೊಳೆದದ್ದು. ಅಳು ಬರಲಿಲ್ಲ. ಸಂತೋಷವೂ ಆಗಲಿಲ್ಲ, ದೇವರಾಣೆ. ಒಳಗೆ ಯಾರೋ ಕಸ ಗುಡಿಸಿ ಬಾಗಿಲು ಹಾಕಿಕೊಂಡು ಹೋದ ಹಾಗಿತ್ತು. ಪಕ್ಕದ ಮನೆಯ ಶಾಮಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹಿತ್ತಲಿಗೆ ಹೋದಾಗ ಅವಳು ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು. "ನೋಡು, ಒಂದು ಹನಿ ಇಲ್ಲ ಕಣ್ಣಲ್ಲಿ. ಮೂವತ್ತು ವರ್ಷ ಒಂದೇ ಹಂಡೆಯಲ್ಲಿ ಬೇಯಿಸಿದೋಳು. ಸವತಿ ಅಂದ್ರೆ ಸವತಿನೇ ಬಿಡು."

ಬುಧವಾರ, ಗುರುವಾರ ಒಲೆ ಹಚ್ಚಲಿಲ್ಲ. ನೆರೆಹೊರೆಯವರೇ ರೊಟ್ಟಿ, ಬೇಳೆಯ ಗಂಜಿ ತಂದುಕೊಟ್ಟರು. ಮೂರನೆಯ ದಿನ ಶುಕ್ರವಾರವೇ ಬಿತ್ತು. ಮಧ್ಯಾಹ್ನದ ನಮಾಜು ಮುಗಿಸಿ ಕುರಾನ್ ಓದುವವರು ಬರುತ್ತಾರೆ, ಕೇರಿಯ ಹೆಂಗಸರು ಬರುತ್ತಾರೆ, ಹಬೆಯಲ್ಲಿ ರವೆ ಬೇಯಿಸಿ ನಿನ್ನ ಹೆಸರಿನಲ್ಲಿ ಕುಸ್ಕುಸ್ ಮಾಡಬೇಕು. ಬೆಳಿಗ್ಗೆ ದೊಡ್ಡ ಹಂಡೆಯನ್ನು ಕೆಳಗಿಳಿಸಿ ತೊಳೆದೆ. ಅದರ ಮೇಲೆ ಕೂರುವ ತೂತಿನ ಹಬೆಪಾತ್ರೆಯನ್ನು ಕೈಗೆ ತೆಗೆದುಕೊಂಡವಳು ಹಾಗೇ ನಿಂತೆ. ನಾನು ಅದನ್ನು ಮುಟ್ಟಿದವಳೇ ಅಲ್ಲ. ಈ ಮನೆಯ ನನ್ನ ಮೊದಲ ಶುಕ್ರವಾರ ನೀನು ಹೇಳಿದ್ದೆ, "ಕೆಳಗಿನ ಹಂಡೆ ನಿಂದು, ಮೇಲಿನದು ನಂದು. ಮಾಂಸ, ತರಕಾರಿ ಏನು ಬೇಕಾದ್ರೂ ಮಾಡ್ಕೋ. ನನ್ನ ರವೆಗೆ ಕೈ ಹಾಕ್ಬೇಡ." ಹತ್ತೊಂಬತ್ತು ವರ್ಷದವಳಿಗೆ ಅದು ಅವಮಾನ ಎನಿಸಿತ್ತು. ಒಂಬತ್ತು ವರ್ಷ ಬಸಿರಾಗದವಳು, ಗಂಡ ಇನ್ನೊಬ್ಬಳನ್ನು ತಂದದ್ದನ್ನು ಬಾಯಿ ಮುಚ್ಚಿಕೊಂಡು ನೋಡಿದವಳು, ಅಡುಗೆಮನೆಯಲ್ಲಿ ಒಂದು ಪಾತ್ರೆಯನ್ನಾದರೂ ತನ್ನದೆಂದು ಇಟ್ಟುಕೊಂಡಳು ಎಂದು ಆಗ ನನಗೆ ತಿಳಿಯಲಿಲ್ಲ.

"ಕೊಡಮ್ಮ ಇಲ್ಲಿ, ನಾನು ಉಜ್ಜುತೀನಿ," ಎಂದಳು ಹಸ್ನಾ. ಸುದ್ದಿ ಕೇಳಿದ ದಿನವೇ ತೆತ್ವಾನಿನ ಗಂಡನ ಮನೆಯಿಂದ ಬಂದಿದ್ದಳು. ನನ್ನ ಮಗಳು ರವೆ ಉಜ್ಜುವುದನ್ನು ನಿನ್ನಿಂದ ಯಾವಾಗ ಕಲಿತಳೋ ನಾನರಿಯೆ. ಅಗಲವಾದ ಮಣ್ಣಿನ ತಟ್ಟೆಯ ಮುಂದೆ ನಿನ್ನ ಹಾಗೆಯೇ ಒಂದು ಕಾಲು ಮಡಿಸಿ ಕೂತಳು. ಉಪ್ಪುನೀರನ್ನು ಬೆರಳ ತುದಿಯಿಂದ ಚಿಮುಕಿಸಿ, ಅಂಗೈ ಅಗಲಿಸಿ ಸುತ್ತಿ ಸುತ್ತಿ ಉಜ್ಜಿದಳು. ನಡುನಡುವೆ ಒಂದು ಹಿಡಿ ಒಣಹಿಟ್ಟು ತೂರಿದಳು, ಜರಡಿಗೆ ಹಾಕಿದಳು. ಕಾಳು ಕಾಳಾಗಿ ಬಿತ್ತು.

ನಾನು ನನ್ನ ಹಂಡೆ ನೋಡಿಕೊಂಡೆ. ಈರುಳ್ಳಿ, ಎಣ್ಣೆ, ಕುರಿಯ ಮೊಣಕಾಲಿನ ಮಾಂಸ, ಶುಂಠಿಪುಡಿ, ಮೆಣಸು, ಕೇಸರಿ. ನೆನೆಸಿದ ಕಡಲೆಕಾಳು. ಕೊತ್ತಂಬರಿ ಸೊಪ್ಪಿಗೆ ದಾರ ಕಟ್ಟಿ ಹಾಕಿದೆ. ನೀರು ಕುದಿ ಬಂದಾಗ ಹಸ್ನಾ ಹಬೆಪಾತ್ರೆಯನ್ನು ಮೇಲಿಟ್ಟು, ಹಿಟ್ಟಿನ ನೀರಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಯನ್ನು ಸಂದಿಗೆ ಸುತ್ತಿದಳು, ಹಬೆ ಪಕ್ಕದಿಂದ ಹೋಗದ ಹಾಗೆ. ಮೊದಲ ಹಬೆ ರವೆಯನ್ನು ದಾಟಿ ಮೇಲೆ ಬಂತು. ತಟ್ಟೆಗೆ ಸುರಿದು, ಬಿಸಿಯಿರುವಾಗಲೇ ಬೆರಳಲ್ಲಿ ಗಂಟು ಒಡೆದು, ಮತ್ತೆ ನೀರು ಚಿಮುಕಿಸಿ, ಎರಡನೆಯ ಸಲ ಏರಿಸಿದಳು. ನಾನು ಎಲೆಕೋಸು, ಕ್ಯಾರೆಟ್, ಟರ್ನಿಪ್ ಹಂಡೆಗೆ ಬಿಟ್ಟು, ಸಿಹಿಗುಂಬಳ ಹೆಚ್ಚಲು ಕೂತೆ. ಆಗ ಅವಳು ಹೇಳಿದಳು.

ಅದಕ್ಕೆ ಮುಂಚೆ ನಾನು ನಂಬಿದ್ದನ್ನು ಇಲ್ಲಿ ಬರೆಯಬೇಕು. ನನ್ನ ತಂಗಿಯ ಮದುವೆಗೆಂದು ಬೆಟ್ಟದ ಊರಿಗೆ ಹೋಗಿದ್ದೆ. ಅನ್ವರನಿಗೆ ನೆಗಡಿ, ಹಸ್ನಾಗೆ ಶಾಲೆ. ಇಬ್ಬರನ್ನೂ ನಿನ್ನ ಬಳಿ ಬಿಟ್ಟಿದ್ದೆ. ಎರಡನೆಯ ದಿನ ಗಂಡ ಹೇಳಿ ಕಳಿಸಿದ. ಬಂದಾಗ ಹನ್ನೊಂದು ತಿಂಗಳ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನೀನು ಅಂಗಳದಲ್ಲಿ ಮೀಯಿಸುತ್ತಿದ್ದೆಯಂತೆ, ಸಾಬೂನಿನ ಕೈ ಜಾರಿತಂತೆ, ತಲೆ ಕಲ್ಲಿಗೆ ತಾಗಿತಂತೆ. ನೀನೇ ಹಾಗೆಂದು ಎಲ್ಲರ ಮುಂದೆ ಹೇಳಿದೆ. ನಾನು ನಿನ್ನ ತಲೆವಸ್ತ್ರ ಹಿಡಿದು ಜಗ್ಗಿ ಆಡಿದ ಮಾತು ನಿನಗೆ ನೆನಪಿರುತ್ತದೆ. "ಬಂಜೆ ಕೈಗೆ ಕೂಸು ಕೊಟ್ಟೆನಲ್ಲ! ನಿನಗಿಲ್ಲ ಅಂತ ನನ್ನದನ್ನ ಕೊಂದೆ ನೀನು!" ನಮ್ಮ ಗಂಡ ತಯ್ಯಿಬ್ ಮಗ್ಗದ ಮುಂದೆ ತಲೆ ತಗ್ಗಿಸಿ ಕೂತಿದ್ದ. ನೀನು ತಲೆವಸ್ತ್ರ ಸರಿಮಾಡಿಕೊಂಡು ಒಳಗೆ ಹೋದೆ. ಅಂದು ಸುಮ್ಮನಾದವಳು ಆಮೇಲೂ ಸುಮ್ಮನಿದ್ದೆ. ಆರು ವರ್ಷದ ಹಿಂದೆ ಗಂಡ ತೀರಿಕೊಂಡ ದಿನವೂ ನಾವು ಒಬ್ಬರ ಹೆಗಲಿಗೆ ಒಬ್ಬರು ಒರಗಲಿಲ್ಲ.

ಈಗ ಹಸ್ನಾ ಹೇಳಿದ್ದು. ಎರಡನೆಯ ಹಬೆ ಕಂಡ ರವೆಯನ್ನು ತಟ್ಟೆಗೆ ಸುರಿದು, ತಲೆ ಎತ್ತದೆ ಹೇಳಿದಳು.

"ಅಮ್ಮಾ, ಮನ್ನಾನಾ ಅಮ್ಮನ ಕೈಯಿಂದ ಅವನು ಬೀಳಲಿಲ್ಲ. ಆವತ್ತು ಅವಳು ಮಹಡಿ ಮೇಲೆ ಉಣ್ಣೆ ಒಣಗಿಸ್ತಾ ಇದ್ಲು. ಅನ್ವರ್ ಮಲಗಿದ್ದ. ಅವನಿಗೆ ಉಣ್ಣೆ ತೋರಿಸ್ಬೇಕು ಅಂತ ನಾನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಮೂರನೇ ಮೆಟ್ಟಿಲ ಕಲ್ಲು ಅಲ್ಲಾಡ್ತು. ಬಿದ್ವಿ. ನಾನು ಅವನ ಮೇಲೆ ಬಿದ್ದೆ."

ನಾನು ಚಾಕು ಕೆಳಗಿಟ್ಟೆ. ಇಟ್ಟೆನೋ, ಹೆಚ್ಚುತ್ತಲೇ ಇದ್ದೆನೋ, ಈಗ ಸರಿಯಾಗಿ ನೆನಪಿಲ್ಲ.

"ಅವಳು ಓಡಿ ಬಂದ್ಲು. ಅವನನ್ನ ಎತ್ತಿಕೊಂಡು ಬೀದಿಗೆ ಇಳಿಯೋ ಮುಂಚೆ ನನ್ನ ಗದ್ದ ಹಿಡಿದು ಹೇಳಿದ್ಲು, 'ಕೇಳು. ನಾನು ಮೀಯಿಸ್ತಿದ್ದೆ, ನನ್ನ ಕೈ ಜಾರ್ತು. ನೀನು ಒಳಗೆ ನಿದ್ದೆ ಮಾಡ್ತಿದ್ದೆ. ಯಾರು ಕೇಳಿದ್ರೂ ನಿದ್ದೆ ಮಾಡ್ತಿದ್ದೆ.' ನನ್ನ ಮದುವೆ ಆದ ವರ್ಷ ನಿನಗೆ ಹೇಳಿಬಿಡ್ತೀನಿ ಅಂತ ಅವಳಿಗೆ ಅಂದೆ. ಆಣೆ ಹಾಕಿಸಿಕೊಂಡ್ಲು. 'ನಾನು ಇರೋ ತನಕ ಬೇಡ. ನಿಮ್ಮಮ್ಮ ನನ್ನನ್ನ ಬೈದು ಬದುಕಿದಾಳೆ. ನಿನ್ನನ್ನ ಬೈಬೇಕಾಗಿ ಬಂದ್ರೆ ಸತ್ತೇಹೋಗ್ತಾಳೆ' ಅಂದ್ಲು."

"ಮೂರನೇ ಮೆಟ್ಟಿಲಾ?" ಎಂದು ಕೇಳಿದೆ. ಅಷ್ಟೆಲ್ಲ ಕೇಳಿಸಿಕೊಂಡು ನನ್ನ ಬಾಯಿಂದ ಬಂದದ್ದು ಅದೊಂದೇ.

"ಹೂಂ."

ಲಲ್ಲಾ, ಆ ಮೆಟ್ಟಿಲು ನನಗೆ ಗೊತ್ತಿತ್ತು. ಮದುವೆಗೆ ಹೊರಡುವ ವಾರದ ಮುಂಚೆ ಬಟ್ಟೆಯ ಬುಟ್ಟಿ ಹಿಡಿದು ಇಳಿಯುವಾಗ ಅದೇ ಕಲ್ಲಿನ ಮೇಲೆ ನನ್ನ ಕಾಲು ಹೊರಳಿತು. ತೋಳು ಹಿಡಿದು ನಿಲ್ಲಿಸಿದವಳು ನೀನು. "ತಯ್ಯಿಬ್‌ಗೆ ಹೇಳು, ಗಾರೆಯವನನ್ನ ಕರೆಸ್ಲಿ. ಮಕ್ಕಳು ಓಡಾಡೋ ಜಾಗ," ಎಂದೆ. ಹೇಳುತ್ತೇನೆ ಎಂದೆ ನಾನು. ತಂಗಿಗೆ ಹೊಲಿಸಿದ ಅಂಗಿ, ಮದರಂಗಿ, ಬಸ್ಸು, ಆ ಗಡಿಬಿಡಿಯಲ್ಲಿ ಮರೆತೆ. ಊರಿಂದ ಬಂದಾಗ ಆ ಮೆಟ್ಟಿಲಿಗೆ ಹೊಸ ಗಾರೆ ಬಿದ್ದಿತ್ತು. ಯಾವಾಗ, ಏಕೆ ಎಂದು ನಾನು ಕೇಳಲೇ ಇಲ್ಲ. ಅಂದರೆ ನೀನು ಒಂದೇ ಸುಳ್ಳಿನಲ್ಲಿ ನನ್ನ ಮಗಳನ್ನೂ ಮುಚ್ಚಿದೆ, ನನ್ನನ್ನೂ ಮುಚ್ಚಿದೆ. ನಿನ್ನನ್ನು ಮುಚ್ಚಲು ಯಾರೂ ಉಳಿಯಲಿಲ್ಲ.

ಆಗ ನಾನು ಎದೆ ಬಡಿದುಕೊಂಡು ಅಳಬೇಕಿತ್ತು. ಮಗಳನ್ನು ಹೊಡೆಯಬೇಕಿತ್ತು, ಇಲ್ಲವೇ ತಬ್ಬಿಕೊಳ್ಳಬೇಕಿತ್ತು. ನಾನು ಕುಂಬಳದ ಹೋಳುಗಳನ್ನು ಹಂಡೆಗೆ ಬಿಟ್ಟೆ. ಉಪ್ಪು ನೋಡಿದೆ. ರುಚಿ ತಿಳಿಯಲಿಲ್ಲ. ಹಸ್ನಾಳಿಗೆ ನೋಡಲು ಕೊಟ್ಟೆ. "ಸರಿಯಿದೆ," ಎಂದಳು. "ಬೆಣ್ಣೆ ತೆಗಿ," ಎಂದೆ. ನೀನು ಹದವಾಗಲೆಂದು ನೆಲದಲ್ಲಿ ಹೂತಿಟ್ಟಿದ್ದ ಹಳೆಯ ಬೆಣ್ಣೆಯ ಭರಣಿಯನ್ನು ತೆಗೆದು, ಮೂರನೆಯ ಹಬೆ ಕಂಡ ರವೆಗೆ ಅವಳು ಬೆರೆಸಿದಳು. ಮಸೀದಿಯಿಂದ ಬಾಂಗು ಕೇಳಿಸಿತು.

ಊಟ ಚೆನ್ನಾಗಿಯೇ ಆಗಿತ್ತಂತೆ. ಓದುವವರಿಗೆ ಮುಂದಿನ ಕೋಣೆಯಲ್ಲಿ ಒಂದು ತಟ್ಟೆ, ಹೆಂಗಸರಿಗೆ ಒಳಗೆ ಎರಡು. ರವೆಯನ್ನು ಗುಡ್ಡೆ ಮಾಡಿ, ನಡುವೆ ಕುಳಿ ತೆಗೆದು ಮಾಂಸ ಇಟ್ಟು, ಸುತ್ತ ತರಕಾರಿ ಒರಗಿಸಿ, ಮೇಲೆ ಸಾರು ಹೊಯ್ದೆ. ಹಸ್ನಾ ಮಜ್ಜಿಗೆಯ ಲೋಟಗಳ ತಟ್ಟೆ ಹಿಡಿದು ಹಂಚುತ್ತಿದ್ದಳು. ಹೆಂಗಸರು ನಿನ್ನ ಕೈಗುಣ ಹೊಗಳಿದರು. ನೀನು ನೂತಂಥ ಉಣ್ಣೆಯ ಎಳೆಯನ್ನು ನಮ್ಮ ವಜ್ಜಾನ್ ಊರಿನಲ್ಲೇ ಯಾರೂ ನೂಲಲಿಲ್ಲ ಎಂದರು. ಶಾಮಾ ರವೆಯನ್ನು ಅಂಗೈಯಲ್ಲಿ ಕುಲುಕಿ ಉಂಡೆ ಮಾಡಿ ಬಾಯಿಗೆ ಹಾಕಿಕೊಳ್ಳುತ್ತ ನಿಟ್ಟುಸಿರಿಟ್ಟಳು.

"ಒಳ್ಳೆಯವಳೇ ಪಾಪ. ಆ ಒಂದು ತಪ್ಪು ಮಾಡಿದ್ಲು. ಕೂಸು ಅವಳ ಕೈಯಿಂದ ಜಾರಿ ಹೋಯ್ತಲ್ಲ. ದೇವರು ಅದನ್ನ ಕ್ಷಮಿಸ್ಲಿ. ಬತೂಲ್, ನೀನೂ ಇವತ್ತು ಎಲ್ಲರ ಮುಂದೆ ಬಾಯಿಬಿಟ್ಟು ಕ್ಷಮಿಸಿದೆ ಅಂತ ಹೇಳಿಬಿಡು. ಸತ್ತೋಳಿಗೆ ಹಗುರ ಆಗುತ್ತೆ."

ಎಲ್ಲರ ಕೈಯೂ ನಿಂತಿತು. ಬಾಗಿಲ ಬಳಿ ಹಸ್ನಾ ನಿಂತಿದ್ದಳು, ತಟ್ಟೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಕ್ಷಮಿಸಿದೆ ಎಂದರೆ ಆ ತಪ್ಪು ಗೋರಿಯಲ್ಲೂ ನಿನ್ನದೇ ಆಗಿ ಉಳಿಯುತ್ತದೆ. ನಿಜ ಹೇಳಿದರೆ ನಾಳೆ ಬೆಳಿಗ್ಗೆಯೊಳಗೆ ಅದು ತೆತ್ವಾನಿಗೆ, ಅವಳ ಅತ್ತೆಯ ಮನೆಗೆ ಮುಟ್ಟುತ್ತದೆ. ನಾನು ಹೆಚ್ಚು ಯೋಚಿಸಲಿಲ್ಲ. ಯೋಚಿಸುವ ಶಕ್ತಿ ಇರಲಿಲ್ಲ. ಬಾಯಿ ತಾನಾಗಿ ಆಡಿತು.

"ಕ್ಷಮಿಸೋಕೆ ಏನೂ ಇಲ್ಲ ಶಾಮಾ. ಕೂಸು ಮನ್ನಾನಾ ಕೈಯಿಂದ ಬೀಳಲಿಲ್ಲ. ಮಹಡಿ ಮೆಟ್ಟಿಲ ಮೇಲೆ ಬಿತ್ತು. ಕಲ್ಲು ಸಡಿಲ ಇತ್ತು. ಅದು ನನಗೆ ಗೊತ್ತಿತ್ತು. ಗಂಡನಿಗೆ ಹೇಳ್ತೀನಿ ಅಂದೋಳು ಹೇಳದೆ ಮದುವೆಗೆ ಹೋದೆ. ಅವಳು ನನ್ನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡ್ಲು."

ಯಾರೋ ದೇವರ ಹೆಸರು ಹೇಳಿದರು. ಶಾಮಾಳ ಕಣ್ಣು ಅರಳಿತು. "ಮೆಟ್ಟಿಲ ಮೇಲೆ ಅಂದ್ರೆ, ಯಾರು ಎತ್ಕೊಂಡಿದ್ರು ಮತ್ತೆ?"

"ಮೆಟ್ಟಿಲು ನನ್ನ ತಪ್ಪು ಅಂದೆನಲ್ಲ," ಎಂದೆ. "ತಿನ್ನು, ಆರ್ತಾ ಇದೆ." ಕುಳಿಯಿಂದ ಒಂದು ದೊಡ್ಡ ತುಂಡು ಮಾಂಸ ಬಿಡಿಸಿ ಅವಳ ಮುಂದಿಟ್ಟೆ. ಅವಳು ಇನ್ನೊಂದು ಸಲ ನನ್ನ ಮುಖ ನೋಡಿದಳು, ಏನು ಕಂಡಳೋ, ತಿಂದಳು. ಉಳಿದವರೂ ತಿಂದರು. ನಾನೂ ಒಂದು ತುತ್ತು ತಿಂದೆ.

ಎಲ್ಲರೂ ಹೋದ ಮೇಲೆ ಹಸ್ನಾ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆ, ಮೂಗು ಒರೆಸಿಕೊಳ್ಳದೆ. "ನನ್ನ ಮೇಲೆ ಸಿಟ್ಟಿದೆಯಾ ಅಮ್ಮಾ?" ಎಂದು ಕೇಳಿದಳು. ನಾನು ನನ್ನೊಳಗೆ ಸಿಟ್ಟನ್ನು ಹುಡುಕಿದೆ. ದುಃಖವನ್ನೂ ಹುಡುಕಿದೆ. ಎರಡೂ ಕೈಗೆ ಸಿಗಲಿಲ್ಲ. ಅವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಮಾತ್ರ ಕಂಡಿತು.

"ಊಟ ಮಾಡಿದ್ಯಾ?" ಎಂದೆ.

ಇಲ್ಲವೆಂದು ತಲೆಯಾಡಿಸಿದಳು. ತಟ್ಟೆಯಲ್ಲಿ ಉಳಿದದ್ದನ್ನು ಒಂದು ಬದಿಗೆ ಒತ್ತಿ, ಸಾರು ಬಿಸಿ ಮಾಡಿ ಹೊಯ್ದೆ. ಇಬ್ಬರೂ ಎದುರುಬದುರು ಕೂತು ಅದೇ ತಟ್ಟೆಯಿಂದ ತಿಂದೆವು. ಆರು ವರ್ಷದ ಹುಡುಗಿ ಇಪ್ಪತ್ತನಾಲ್ಕು ವರ್ಷ ಇದನ್ನು ಹೊತ್ತುಕೊಂಡೇ ಶಾಲೆಗೆ ಹೋದಳು, ಮದುವೆಯಾದಳು, ಹಬ್ಬಕ್ಕೆ ಬಂದು ಹೋದಳು. ಎದುರಿಗೆ ಕೂತು ನನಗೇನೂ ಕಂಡಿರಲಿಲ್ಲ. ನಿನಗೆ ಕಂಡಿತ್ತು. ಅವಳು ಬಂದಾಗಲೆಲ್ಲ ನೀನು ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದುದನ್ನು ನೋಡಿ, ನನ್ನ ಮಗಳನ್ನೂ ಕಸಿಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಅವಳು ತೆತ್ವಾನ್ ಬಸ್ಸು ಹತ್ತಿದಳು. ನಾನು ನಿಲ್ದಾಣದಿಂದ ಮನೆಗೆ ಬಂದು ಬಾಗಿಲು ತೆಗೆದಾಗ, ಬಂದದ್ದನ್ನು ಹೇಳಲು ಯಾರೂ ಇರಲಿಲ್ಲ. ನೀನಿದ್ದಾಗಲೂ ನಾನು ಹೇಳುತ್ತಿರಲಿಲ್ಲ. ಚಪ್ಪಲಿ ಬಿಡುವ ಸದ್ದಿಗೆ ನೀನು ಒಳಗಿನಿಂದ ಕೆಮ್ಮುತ್ತಿದ್ದೆ, ಅಷ್ಟೇ.

ನನಗೆ ಇನ್ನೂ ಅಳು ಬಂದಿಲ್ಲ. ಬರುತ್ತದೆಂದು ಹೆಂಗಸರು ಹೇಳುತ್ತಾರೆ. ಬರದಿದ್ದರೂ ನೀನು ತಪ್ಪು ತಿಳಿಯಬೇಡ. ಅಂದು ನಿನಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದ ಆಗದು, ಅದನ್ನು ನೀನು ಆಗಲೇ ಪೂರ್ತಿ ಬದುಕಿ ಮುಗಿಸಿದ್ದೀಯ. ನನ್ನನ್ನು ಕ್ಷಮಿಸು ಎಂದು ಕೇಳುವ ಧೈರ್ಯವೂ ಇಲ್ಲ. ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ ಎಂದು ಮಾತ್ರ ನನಗೆ ಗೊತ್ತು. ಮುಖ ತಿರುಗಿಸಿ, ಒಲೆಗೆ ಹೇಳುವವಳ ಹಾಗೆ, "ಹಂಡೆ ನೋಡ್ಕೋ, ತಳ ಹಿಡೀತದೆ," ಎನ್ನುತ್ತಿದ್ದೆ.

ದೇವರು ನಿನ್ನ ಗೋರಿಯನ್ನು ವಿಶಾಲ ಮಾಡಲಿ, ಅಲ್ಲಿ ಬೆಳಕು ಇಡಲಿ. ಅಲ್ಲಿ ಹನ್ನೊಂದು ತಿಂಗಳ ಕೂಸೊಂದು ನಿನ್ನ ಕಂಡು ಕೈ ಚಾಚಿದರೆ, ಲಲ್ಲಾ, ಹೆದರದೆ ಎತ್ತಿಕೋ.

ನಿನ್ನ ಕಿರಿಯವಳು,
ಬತೂಲ್