ಶುಂಠಿ-ಕಿತ್ತಳೆಯ ಕೊನೆಯ ಬಾಟಲಿಯನ್ನು ಸಿಂಕಿಗೆ ಸುರಿದವಳ ಅಹವಾಲು

ರುಚಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಶುಂಠಿ-ಕಿತ್ತಳೆ ಪಾನೀಯವನ್ನು ನೀವು ನಿಲ್ಲಿಸಿದಿರಿ. ಅದರ ಕೊನೆಯ ಬಾಟಲಿಯನ್ನು ನಾನು ಸಿಂಕಿಗೆ ಸುರಿದೆ. ತಪ್ಪು ಇಬ್ಬರದೂ ಹೌದು. ನಿಮಗೆ ಅದಕ್ಕೆ ಬಡ್ತಿ ಸಿಕ್ಕಿರಬಹುದು. ನನಗೆ ಸಿಕ್ಕಿದ್ದು ಮಾವನವರ ಮೌನ. ನಿಮ್ಮ ಗ್ರಾಹಕ ಸೇವೆಯವರಿಗೆ ಮೂರು ಸಲ ಬರೆದೆ. ಮೂರು ಸಲವೂ "ನಿಮ್ಮ ಪ್ರೀತಿಗೆ ಧನ್ಯವಾದ" ಎಂದು ಉತ್ತರ ಬಂತು. ನಾನು ಪ್ರೀತಿಯ ವಿಷಯವನ್ನು ಬರೆದೇ ಇರಲಿಲ್ಲ.

ಈಗ ಬರೆಯುತ್ತೇನೆ. ನನಗೆ ಮದುವೆಯಾಗಿ ಮೂವತ್ತೈದು ದಿನ. ನನ್ನ ಗಂಡ ಜಗತ್ತಿನ ಅತ್ಯುತ್ತಮ ಗಂಡ. ಇದು ಅಭಿಪ್ರಾಯವಲ್ಲ, ಬೇಕಾದರೆ ಬಂದು ಪರಿಶೀಲಿಸಿ. ಅತ್ತೆ, ನಾದಿನಿ, ಅಡುಗೆಮನೆಯ ಕಿಟಕಿ, ಎಲ್ಲವೂ ಅತ್ಯುತ್ತಮ. ಇಂಥ ಮನೆಗೆ ನಾನೂ ಏನಾದರೂ ಮಾಡಲೇಬೇಕೆಂದು ಆರನೆಯ ದಿನ ಬೆಳಿಗ್ಗೆ ಫ್ರಿಜ್ ಸ್ವಚ್ಛಗೊಳಿಸಲು ಕೂತೆ. ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಬೇರೇನು ಕಲಿಸಿದರೋ ಬಿಟ್ಟರೋ, ಎಕ್ಸ್‌ಪೈರಿ ದಿನಾಂಕ ಓದುವುದನ್ನು ಚೆನ್ನಾಗಿ ಕಲಿಸಿದ್ದರು. ತರಕಾರಿಯ ಹಿಂದೆ, ಬಟ್ಟೆ ಸುತ್ತಿಟ್ಟ ಒಂದು ಗಾಜಿನ ಬಾಟಲಿ ಸಿಕ್ಕಿತು. ಅವಧಿ ಮುಗಿದು ಒಂಬತ್ತು ವರ್ಷವಾಗಿತ್ತು. ಮುಚ್ಚಳ ತೆಗೆದು ಸುರಿದೆ. ಲೇಬಲ್ಲಿನ ಮೇಲೆ ಯಾರೋ ಪೆನ್ನಿನಲ್ಲಿ ಗೀಚಿದ್ದರು. ಅದನ್ನು ಜೋರಾಗಿ ಉಜ್ಜಿ ತೆಗೆದೆ. ತೊಳೆದ ಬಾಟಲಿಯಲ್ಲಿ ಎರಡು ಹಳದಿ ಹೂವಿಟ್ಟು ಮಾವನವರ ಮೇಜಿನ ಮೇಲೆ ಇಟ್ಟೆ.

ಮಾವ ಬಂದರು, ನೋಡಿದರು, ಕೂತರು.

"ಹೂವು ಚೆನ್ನಾಗಿದೆಯಮ್ಮ," ಅಂದರು.

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ನಾದಿನಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅತ್ತಿಗೆ, ಅದರೊಳಗಿದ್ದಿದ್ದು ಎಲ್ಲಿ?" ಎಂದಳು. ನಾನು ಸಿಂಕ್ ತೋರಿಸಿದೆ. ಅವಳು ಸಿಂಕಿಗೆ ಬಗ್ಗಿ ನೋಡಿ ಅಂದಳು, "ಹೋಗ್ಲಿ ಬಿಡಿ. ಮನೆಗೆ ಬೆಂಕಿ ಹಚ್ಚಿದ್ರೆ ಅಪ್ಪ ಕೂಗಾಡಿ ಸುಮ್ಮನಾಗ್ತಿದ್ರು. ಇದಕ್ಕೆ ಏನ್ಮಾಡ್ತಾರೋ ನಂಗೂ ಗೊತ್ತಿಲ್ಲ."

ಮಾನ್ಯರೇ, ಮಾವ ನಿಮ್ಮ ಕಾರ್ಖಾನೆಯಲ್ಲಿಯೇ ಇಪ್ಪತ್ತಾರು ವರ್ಷ ಇದ್ದವರು. ಬೆಳಕಿನ ಹಲಗೆಯ ಮುಂದೆ ಕೂತು, ಸಾಲಾಗಿ ಹಾದುಹೋಗುವ ಬಾಟಲಿಗಳಲ್ಲಿ ಕೂದಲು, ಕಸ, ಬಿರುಕು ಕಂಡರೆ ಎತ್ತಿ ಎಡಕ್ಕಿಡುವುದು ಅವರ ಕೆಲಸ. ಸರಿಯಿದ್ದದ್ದು ಬಲಕ್ಕೆ ಹೋಗುತ್ತದೆ. ಇವತ್ತಿಗೂ ಅವರು ನೀರಿನ ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡದೆ ಕುಡಿಯುವುದಿಲ್ಲ. ನನ್ನನ್ನು ನೋಡಲು ಬಂದಾಗಲೂ ನಾನು ಕೊಟ್ಟ ಜ್ಯೂಸನ್ನು ಹಾಗೇ ಹಿಡಿದು ನೋಡಿದ್ದರು. ನಮ್ಮಮ್ಮ, "ಇವರಿಗೆ ನಮ್ಮ ಮೇಲೆ ಏನೋ ಅನುಮಾನ ಕಣೇ," ಎಂದು ಪಿಸುಗುಟ್ಟಿದ್ದಳು. ಶುಂಠಿ-ಕಿತ್ತಳೆ ನಿಂತ ದಿನ ಅವರ ಕಣ್ಣೆದುರು ಹಾದ ಕೊನೆಯ ಬಾಟಲಿಯ ಮೇಲೆ ಲೈನಿನ ಆರು ಮಂದಿ ಹೆಸರು ಬರೆದು ಅವರ ಕೈಗೆ ಕೊಟ್ಟಿದ್ದರು. ನಾನು ಉಜ್ಜಿ ತೆಗೆದದ್ದು ಆ ಆರು ಹೆಸರುಗಳನ್ನು.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಉಣ್ಣುತ್ತಿದ್ದೇನೆ. ಆದರೆ ನೀವು? "ಗ್ರಾಹಕರ ಅಭಿರುಚಿ ಬದಲಾಗಿದೆ" ಎಂದು ನಿಮ್ಮ ವೆಬ್‌ಸೈಟಿನಲ್ಲಿ ಬರೆದಿದ್ದೀರಿ. ಯಾವ ಗ್ರಾಹಕರು? ನಮ್ಮ ಬೀದಿಯಲ್ಲಿ ವಿಚಾರಿಸಿದೆ. ದರ್ಜಿಯ ಅಭಿರುಚಿ ಬದಲಾಗಿಲ್ಲ. ಔಷಧಿ ಅಂಗಡಿಯವರದೂ ಇಲ್ಲ. ಕಪ್ಪು ದ್ರಾಕ್ಷಿ ಹೋಯಿತು, ಅನಾನಸ್ ಹೋಯಿತು, ಯಾವ ಹಣ್ಣೆಂದು ಯಾರಿಗೂ ತಿಳಿಯದ ಆ ಹಸಿರೂ ಹೋಯಿತು. ಈಗ ಉಳಿದಿರುವುದು ಒರಿಜಿನಲ್, ಝೀರೋ, ಒರಿಜಿನಲ್ ಝೀರೋ ಮತ್ತು ನೀಲಿ. ನೀಲಿ ಒಂದು ರುಚಿಯೇ? ಹಾಗೆಂದು ತೀರ್ಮಾನಿಸಿದ ಸಭೆಯಲ್ಲಿ ಎಷ್ಟು ಜನ ಇದ್ದರು? ಒಬ್ಬರಾದರೂ ಕುಡಿದು ನೋಡಿದರೇ?

ಒಂಬತ್ತು ದಿನ ಮಾವ ನನ್ನೊಡನೆ ಉಪ್ಪು, ನೀರು, ಬಾಗಿಲು ಇಷ್ಟರ ಬಗ್ಗೆ ಮಾತ್ರ ಮಾತಾಡಿದರು. ಹತ್ತನೆಯ ದಿನ, ಪೇಪರಿನಿಂದ ತಲೆಯೆತ್ತದೆ ಕೇಳಿದರು:

"ಮುಚ್ಚಳ ತೆಗೆದಾಗ ಶಬ್ದ ಬಂತಾ?"

"ಬಂತು ಮಾವ. ಸುಯ್ ಅಂತು."

"ಜೋರಾಗಾ?"

"ನಾನು ಹೆದರಿ ಹಿಂದೆ ಸರಿದೆ."

ಮಾವ ಪೇಪರ್ ಮಡಚಿದರು. "ಒಂಬತ್ತು ವರ್ಷ ಗ್ಯಾಸ್ ಹೋಗಿಲ್ಲ. ಮುಚ್ಚಳ ನಮ್ಮ ಲೈನಿಂದು," ಎಂದರು. ಆಮೇಲೆ, "ವಾಸನೆ?"

ಶುಂಠಿ ಮೊದಲು ಬಂತು, ಕಿತ್ತಳೆ ಆಮೇಲೆ ಬಂತು ಎಂದೆ. ಅವರು ತಲೆಯಾಡಿಸಿದರು. ಅಂದಿನಿಂದ ಅಡುಗೆಮನೆಯೇ ನಿಮ್ಮ ಕಾರ್ಖಾನೆ. ನಾನು ಶುಂಠಿ ಜಜ್ಜುತ್ತೇನೆ, ಗಂಡ ಕಿತ್ತಳೆ ಹಿಂಡುತ್ತಾನೆ, ನಾದಿನಿ ಸೋಡಾ ತರುತ್ತಾಳೆ, ಅತ್ತೆ, "ನನ್ನ ಪಾತ್ರೆಗಳೆಲ್ಲಾ ನಿಮ್ಮ ಪ್ರಯೋಗಕ್ಕೇ ಹುಟ್ಟಿದ್ದಾ?" ಎಂದು ಬೈಯುತ್ತ ಸಕ್ಕರೆ ಹಾಕುತ್ತಾರೆ. ಸಂಜೆ ಆರಕ್ಕೆ ಮಾವ ಲೋಟವನ್ನು ಬೆಳಕಿಗೆ ಹಿಡಿಯುತ್ತಾರೆ, ಒಂದು ಗುಟುಕು ಕುಡಿಯುತ್ತಾರೆ, ಎಡಕ್ಕಿಡುತ್ತಾರೆ. ಹತ್ತೊಂಬತ್ತು ಲೋಟ ಎಡಕ್ಕೆ ಹೋಗಿವೆ. "ಕಹಿ." "ಸಿಪ್ಪೆ ಬಿತ್ತು." "ಇದು ಕೆಮ್ಮಿನ ಔಷಧಿ." ಹದಿನೆಂಟನೆಯದನ್ನು ಎಡಕ್ಕಿಡುವ ಮೊದಲು ಎರಡನೆಯ ಗುಟುಕು ಕುಡಿದರು. ಅವತ್ತು ನನಗೆ ಊಟವೇ ಬೇಕಾಗಲಿಲ್ಲ. ನಿನ್ನೆ ಹತ್ತೊಂಬತ್ತನೆಯದನ್ನೂ ಎಡಕ್ಕಿಟ್ಟು, ಹೂವಿದ್ದ ಆ ಬಾಟಲಿಗೆ ತಾವೇ ನೀರು ಬದಲಾಯಿಸಿ, "ನಾಳೆ ಶುಂಠಿ ಸ್ವಲ್ಪ ಕಡಿಮೆ ಹಾಕಮ್ಮ," ಎಂದರು.

ಆದ್ದರಿಂದ ನನ್ನ ಬೇಡಿಕೆ ಇದು: ಶುಂಠಿ-ಕಿತ್ತಳೆಯನ್ನು ಮತ್ತೆ ತಯಾರಿಸಿ, ಮೊದಲ ಬಾಟಲಿಯನ್ನು ನಮ್ಮ ಮನೆಗೆ ಕಳಿಸಿ. ಲೈನಿನಲ್ಲಿರುವವರ ಹೆಸರುಗಳನ್ನು ಅದರ ಮೇಲೆ ಬರೆಸಿ. ಈ ಸಲ ಯಾರೂ ಉಜ್ಜುವುದಿಲ್ಲ. ಮಾವ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಎಡಕ್ಕಿಟ್ಟರೆ ನಿಮಗೇ ವಾಪಸ್ ಬರುತ್ತದೆ.

ಇಂಥ ಪತ್ರಗಳ ಕೊನೆಗೆ ಗಡುವು ಹಾಕುತ್ತಾರೆ. ನಾನು ಹಾಕುವುದಿಲ್ಲ. ನಿಮ್ಮ ಕಚೇರಿಯ ಎಂದಿನ ವೇಗದಲ್ಲೇ ಆಗಲಿ. ದಿನವೂ ಸಂಜೆ ಆರಕ್ಕೆ ಮಾವನವರಿಗೂ ನನಗೂ ಕೆಲಸವಿದೆ.

ಇಂತಿ,
ಎಡಗಡೆಯ ಹತ್ತೊಂಬತ್ತು ಲೋಟ ತೊಳೆದು, ಇಪ್ಪತ್ತನೆಯದಕ್ಕೆ ಶುಂಠಿ ಜಜ್ಜುತ್ತಿರುವ
ಹೊಸ ಸೊಸೆ