ಮುಚ್ಚಿಟ್ಟ ಪ್ಲೇಟು

ಡ್ಯಾಡಿ,

ಕಾವೂರು ಕೆರೆಯ ಹತ್ತಿರ ಹೊಸ ಹೋಟೆಲ್ ಆಗಿದೆ. ನಿನ್ನೆ ಮಮ್ಮಿಯ ಬರ್ತ್‌ಡೇ ಅಂತ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಅಲ್ಲಿ ಊಟ ಅಂತ ಇಲ್ಲ. ಅಂಗೈಯಷ್ಟಗಲದ ಪ್ಲೇಟುಗಳಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಬರ್ತದೆ, ಹಂಚಿಕೊಂಡು ತಿನ್ನಬೇಕು. ನೀವಿದ್ದಿದ್ದರೆ, "ಇದೆಂತ, ಸ್ಯಾಂಪಲ್ಲಾ?" ಅಂತಿದ್ರಿ.

ಮೊದಲು ಮಿನಿ ಇಡ್ಲಿಯಷ್ಟೇ ಪುಟಾಣಿ ಸನ್ನಾಸ್, ಹಂದಿ ಬಫಾತ್ ಬಂತು. ಮಮ್ಮಿ ಒಂದು ಸನ್ನಾಸ್ ತೆಗೆದು ಬದಿಗಿಟ್ಟರು. ಆಮೇಲೆ ಸ್ವಲ್ಪ ಸಿಗಡಿ, ಕಾಣೆ ಮೀನಿನ ಫ್ರೈಯ ನಡುತುಂಡು. ಕೊನೆಗೆ ಖಾಲಿ ಪ್ಲೇಟೊಂದನ್ನು ಅದರ ಮೇಲೆ ಕವುಚಿದರು. ಪಣಂಬೂರು ಬಂದರಿನಲ್ಲಿ ನಿಮಗೆ ಸೆಕೆಂಡ್ ಶಿಫ್ಟ್ ಇದ್ದಾಗ ಮುಚ್ಚಿಡ್ತಿದ್ರಲ್ಲ, ಹಾಗೆಯೇ. ನಿಮ್ಮನ್ನು ಮಣ್ಣು ಮಾಡಿ ಬಂದ ಮೇಲೂ ಮನೆಯಲ್ಲಿ ದಿನಾ ಮುಚ್ಚಿಡ್ತಾರೆ. ಬೆಳಿಗ್ಗೆ ಅವರು ಏಳುವ ಮೊದಲು ನಾನು ಅದನ್ನು ಬೆಕ್ಕಿಗೆ ಹಾಕ್ತೇನೆ. ನೀವು ಉಂಡಿದ್ದೀರಿ ಅಂತ ಅವರು ತಿಳ್ಕೊಂಡಿದ್ದಾರೆ.

ಬಡಿಸುವ ಹುಡುಗಿ ಪ್ಲೇಟು ತೆಗೆಯಲು ಬಂದಳು.

"ಅದು ಇರ್ಲಿ, ಇವಳ ಡ್ಯಾಡಿಗೆ," ಅಂದರು ಮಮ್ಮಿ.

ಪಾಪ, ಅವಳು ಇನ್ನೊಂದು ಕುರ್ಚಿ ತಂದಿಟ್ಟು, ಗ್ಲಾಸಿಗೆ ನೀರು ಹಾಕಿದಳು. ಎಷ್ಟೋ ತಿಂಗಳ ನಂತರ ಮಮ್ಮಿ ಹೊಟ್ಟೆ ತುಂಬಾ ತಿಂದರು, ಆ ಕುರ್ಚಿಯ ಕಡೆ ನೋಡ್ತಾ ನೋಡ್ತಾ.

ಹೊರಡುವಾಗ ಹುಡುಗಿ ಎಲ್ಲವನ್ನೂ ಪಾರ್ಸೆಲ್ ಮಾಡಿಕೊಟ್ಟು ಕೇಳಿದಳು, "ಅಂಕಲ್ ಬರ್ಲಿಲ್ವಾ?"

ಮಮ್ಮಿ ನನ್ನ ಮುಖ ನೋಡಿದರು.

"ಶಿಫ್ಟ್ ಮುಗೀಲಿಲ್ಲ," ಅಂದೆ ನಾನು.

ರಿಕ್ಷಾದಲ್ಲಿ ಮಮ್ಮಿ ಪಾರ್ಸೆಲ್ ಮಡಿಲಲ್ಲಿ ಹಿಡಿದುಕೊಂಡೇ ಇದ್ದರು. ಮನೆ ಹತ್ತಿರ ಬಂದಾಗ ಮೆಲ್ಲ ಕೇಳಿದರು:

"ಏವ್ರಿಲ್, ನಿನಗೆ ಫೋನ್ ಮಾಡಿದ್ರಾ? ನನಗೆ ಯಾಕೆ ಮಾಡೋದಿಲ್ಲ?"