ಇರ್ಫಾನನ ಅಜ್ಜಿಯ ಕೆಮ್ಮು

ಹದಿಮೂರನೇ ತಿಂಗಳ ನಾಲ್ಕನೇ ದಿನ, 2189ನೇ ಇಸವಿ
ಹರಿಹರ

ಜಯಶೀಲಾ ಮೇಡಂ ಅವರಿಗೆ,

ನಮಸ್ಕಾರ. ಮೇಲಿನ ತಾರೀಖು ನೋಡಿ ಯಾರೋ ತುಂಟ ಹುಡುಗರ ಕೆಲಸ ಅಂದುಕೊಳ್ಳಬೇಡಿ. ಬೇಸಿಗೆ ಬೆಳೆಯುತ್ತಾ ಹೋಗಿ ಹಳೆಯ ಪಂಚಾಂಗದಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳನ್ನು ಮೊಟಕು ಮಾಡಿ ಇದೊಂದನ್ನು ಸೇರಿಸಿದರು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಬರಹ ಓದಿ ಓದಿ ಆದಷ್ಟು ನಿಮ್ಮ ಕಾಲಕ್ಕೆ ತಿದ್ದಿಕೊಂಡಿದ್ದೇನೆ. ನಿಮ್ಮ ತರಗತಿಯ ಬ್ಲಾಗಿನಲ್ಲಿ ಕೊನೆಯ ಬರಹದ ಕೆಳಗೆ ಪ್ರತಿಕ್ರಿಯೆ ಬರೆಯುವ ಜಾಗ ಇನ್ನೂ ತೆರೆದೇ ಇದೆ. ಅಲ್ಲೇ ಬರೆಯುತ್ತಿದ್ದೇನೆ. ನನ್ನ ಹೆಸರು ನಿಜಗುಣ, ಆರನೇ ತರಗತಿಯ ಮೇಷ್ಟ್ರು. ಹೆಸರಿನಲ್ಲಿ ‘ನಿಜ’ ಇದೆಯೆಂದು ನಗಬೇಡಿ, ಯಾಕೆಂದರೆ ನಾನು ನಿಮ್ಮ ಉತ್ತರಗಳನ್ನು ಕದ್ದಿದ್ದೇನೆ. ಅದನ್ನು ಮೊದಲೇ ಹೇಳದಿದ್ದರೆ ಮುಂದಕ್ಕೆ ಕೈ ಓಡುವುದಿಲ್ಲ.

ನಮ್ಮ ಶಾಲೆ ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಆಮೇಲೆ ಊರಿನ ಬಾಗಿಲುಗಳೆಲ್ಲ ಮುಚ್ಚುತ್ತವೆ. ಸಂಜೆ ಏಳರವರೆಗಿನ ಆ ಸಮಯಕ್ಕೆ ನಾವು ಬಾಗಿಲಹೊತ್ತು ಅನ್ನುತ್ತೇವೆ. ಆಗ ಹೊರಗೆ ಕಾಲಿಟ್ಟರೆ ಚರ್ಮ ಬೊಬ್ಬೆ ಏಳುತ್ತದೆ. ಮಕ್ಕಳು ನೆಲಮನೆಯಲ್ಲಿ, ಅಂದರೆ ಮನೆಯಡಿಯ ತಂಪು ಕೋಣೆಯಲ್ಲಿ, ಒದ್ದೆ ಚಾಪೆಯ ಮೇಲೆ ಕೂತು ಗೋಡೆಪಾಟಿಯಲ್ಲಿ ಮನೆಲೆಕ್ಕ ಮಾಡುತ್ತಾರೆ. ಅಲ್ಲಿ ಬರೆದ ಪ್ರಶ್ನೆ ಮೇಷ್ಟ್ರ ಮನೆಯ ಗೋಡೆಯಲ್ಲೂ ಮೂಡುತ್ತದೆ. ಆದರೆ ಬಾಗಿಲಹೊತ್ತಿನಲ್ಲಿ ಉತ್ತರ ಕೊಡಲೇಬೇಕೆಂಬ ನಿಯಮವಿಲ್ಲ. ಹೆಚ್ಚಿನ ಮೇಷ್ಟ್ರುಗಳು ಗೋಡೆಗೆ ಬೆನ್ನು ಹಾಕಿ ಮಲಗುತ್ತಾರೆ. ನಾನೂ ಹತ್ತು ವರ್ಷ ಚೆನ್ನಾಗಿಯೇ ಮಲಗಿದೆ.

ಎರಡು ವರ್ಷದ ಹಿಂದೆ ನೆನಪುಮನೆಯಲ್ಲಿ, ಅಂದರೆ ಹಳೆಯ ಪುಟಗಳನ್ನು ಜೋಪಾನ ಮಾಡುವ ಕಟ್ಟಡದಲ್ಲಿ, ನಿಮ್ಮ ಬ್ಲಾಗು ಸಿಕ್ಕಿತು. ‘ಏಳನೇ ತರಗತಿ ಬಿ ಸೆಕ್ಷನ್: ಸಂಜೆ ಕೇಳಿ.’ ಶಾಲೆ ಬಿಟ್ಟ ಮೇಲೆ ಮಕ್ಕಳು ಅಮ್ಮಂದಿರ ಫೋನಿನಿಂದ ಕೇಳುತ್ತಿದ್ದರು, ನೀವು ಒಲೆಯ ಮೇಲೆ ಅನ್ನಕ್ಕಿಟ್ಟು ಬರೆಯುತ್ತಿದ್ದಿರಿ. ಒಮ್ಮೆಯೂ ನೇರವಾಗಿ ಉತ್ತರ ಕೊಟ್ಟವರಲ್ಲ. ಮೊದಲು ‘ಎಲ್ಲೀವರೆಗೆ ಬಂದೆ?’ ಅಂತ ಕೇಳುವುದು. ಮಗು ತಾನು ಮಾಡಿದಷ್ಟನ್ನು ಬರೆದ ಮೇಲೆ ಎಲ್ಲಿ ಕಾಲು ಜಾರಿತೆಂದು ನೋಡಿ ಅಲ್ಲಿಂದ ಕೈ ಹಿಡಿಯುವುದು. ಕೊನೆಗೆ ಮನೆಯ ಸುದ್ದಿ ಒಂದು ಸಾಲು: ಎಮ್ಮೆ ಕರು ಹಾಕಿತೇ, ಅಪ್ಪನಿಗೆ ಜ್ವರ ಬಿಟ್ಟಿತೇ. ಎಷ್ಟು ಮಾತಾಡುತ್ತಾರಪ್ಪ ಈ ಯಮ್ಮ ಅಂತ ನಾನು ನಕ್ಕಿದ್ದೆ.

ನಕ್ಕವನೇ ನಿಮ್ಮ ಉತ್ತರಗಳನ್ನು ಎತ್ತಿ ನನ್ನ ಮಕ್ಕಳ ಪಾಟಿಗೆ ಕಳಿಸತೊಡಗಿದೆ. ‘ಎಲ್ಲೀವರೆಗೆ ಬಂದೆ?’ ಅನ್ನುವುದನ್ನು ತೆಗೆದುಹಾಕಿದೆ. ಅದನ್ನು ಕೇಳಿದರೆ ಕಾಯಬೇಕು, ನನಗೆ ನಿದ್ದೆ. ಬಾಗಿಲಹೊತ್ತಿನಲ್ಲೂ ಪಾಠ ಹೇಳುವ ಮೇಷ್ಟ್ರು ಅಂತ ಊರೆಲ್ಲ ಹೆಸರಾಯಿತು. ಸನ್ಮಾನ ಮಾಡಿ, ಆ ಸೆಕೆಯಲ್ಲಿ ಶಾಲು ಹೊದಿಸಿದರು. ಬೆವರುತ್ತಾ ಕೈ ಮುಗಿದೆ. ನಿಮ್ಮ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ನನ್ನ ತರಗತಿಯಲ್ಲಿ ಹೊಂಬಾಳೆ ಅಂತ ಒಬ್ಬ ಹುಡುಗಿ. ಲೆಕ್ಕದಲ್ಲಿ ಹಿಂದೆ, ಕೇಳುವುದರಲ್ಲಿ ಮುಂದೆ. ಈ ತಿಂಗಳ ಕೊನೆಗೆ ಆರನೇ ತರಗತಿಯ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ನಮ್ಮಲ್ಲಿ ಓದು ಅಲ್ಲಿಗೇ ಮುಗಿಯಿತು. ಹೋದ ತಿಂಗಳು ಅವಳು ಬರೆದಳು: ‘ಸರ್, ಮುಕ್ಕಾಲನ್ನ ಅರ್ಧದಿಂದ ಭಾಗಿಸಿದ್ರೆ ಒಂದೂವರೆ ಅಂತೆ. ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ವಾ, ಜಾಸ್ತಿ ಹೆಂಗಾಯ್ತು?’

ಇದೇ ಪ್ರಶ್ನೆಯನ್ನು ನಿಮ್ಮ ಇರ್ಫಾನ್ ಕೇಳಿದ್ದ. ದುಂಡನೆಯ ಮುಕ್ಕಾಲು ರೊಟ್ಟಿಯಲ್ಲಿ ಅರ್ಧ ರೊಟ್ಟಿ ಎಷ್ಟು ಸಲ ಸಿಗುತ್ತದೆ, ಮುರಿದು ನೋಡು ಅಂದಿದ್ದಿರಿ. ನಮ್ಮಲ್ಲಿ ರೊಟ್ಟಿಯನ್ನು ಬಿಸಿಲುಪೆಟ್ಟಿಗೆಯಲ್ಲಿ ಚೌಕವಾಗಿ ಸುಡುತ್ತಾರೆ. ಆದ್ದರಿಂದ ‘ದುಂಡನೆಯ’ ಹೊಡೆದು ‘ಚೌಕದ’ ಅಂತ ಹಾಕಿದೆ. ಇರ್ಫಾನ್ ತೆಗೆದು ಹೊಂಬಾಳೆ ಅಂತ ಹಾಕಿದೆ. ಕಳ್ಳತನದಲ್ಲಿ ನಾನು ಅಷ್ಟು ಜಾಣ. ಕಳಿಸಿ ಮಗ್ಗುಲಾದೆ.

ಎದ್ದು ನೋಡಿದರೆ ಗೋಡೆಯ ಮೇಲೆ ಅವಳ ಅಕ್ಷರ: ‘ಸರ್, ಅಜ್ಜಿ ಕೆಮ್ಮು ಹೆಂಗಿದೆ ಅಂತ ಕೇಳಿದೀರ. ಅಜ್ಜಿ ತೀರ್ಕೊಂಡು ಇಪ್ಪತ್ತು ದಿನ ಆಯ್ತಲ್ಲ. ನೀವೂ ಮಣ್ಣಿಗೆ ಬಂದಿದ್ರಿ.’

ಬಂದಿದ್ದೆ, ಮೇಡಂ. ಆ ಮಗುವಿನ ತಲೆ ಸವರಿ, ಏನಿದ್ದರೂ ನನ್ನನ್ನು ಕೇಳಮ್ಮ ಅಂತ ಹೇಳಿಯೂ ಬಂದಿದ್ದೆ. ರೊಟ್ಟಿಯ ಆಕಾರ ನೆನಪಿಟ್ಟವನಿಗೆ, ನೀವು ಇರ್ಫಾನನ ಅಜ್ಜಿಯನ್ನು ವಿಚಾರಿಸಿದ್ದ ಕೊನೆಯ ಸಾಲನ್ನು ಹಾಗೇ ಕಳಿಸುವಾಗ ಅದು ನೆನಪಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಹನ್ನೊಂದು ದಿನ ಅವಳು ಏನೂ ಕೇಳಲಿಲ್ಲ, ಶಾಲೆಗೂ ಬರಲಿಲ್ಲ. ಮೈಗೆ ಹುಷಾರಿಲ್ಲವಂತೆ ಎಂದು ಅವಳಪ್ಪ ಹೇಳಿದರು. ತಪ್ಪಾಯಿತೆಂದು ಬರೆಯಲು ಕೂತಾಗ ಇನ್ನೂ ನಾಚಿಕೆಯ ಸಂಗತಿ ನಡೆಯಿತು. ಅದಕ್ಕೂ ನಿಮ್ಮ ಬ್ಲಾಗಿನಲ್ಲಿ ಏನಾದರೂ ಸಿಗುತ್ತದೆಯೇ ಅಂತ ಹುಡುಕಿದೆ. ಸಿಕ್ಕಿತು ಕೂಡ. ಒಬ್ಬಳ ಕ್ಷಮೆ ಕೇಳಿದ್ದಿರಿ, ತುಂಬ ಚೆನ್ನಾಗಿತ್ತು. ಪುಟ ಮುಚ್ಚಿದೆ.

ನಿನ್ನೆ ನಾನಾಗಿಯೇ ಒಂದು ಸಾಲು ಬರೆದೆ: ‘ಹೊಂಬಾಳೆ, ಆ ಲೆಕ್ಕದಲ್ಲಿ ಎಲ್ಲೀವರೆಗೆ ಬಂದೆ?’ ಬರೆದ ಮೇಲೆ ಹೊಳೆಯಿತು, ಅದೂ ನಿಮ್ಮದೇ. ಆದರೆ ಈ ಸಲ ಮಲಗಲಿಲ್ಲ. ಬಾಗಿಲಹೊತ್ತು ಪೂರ್ತಿ ಗೋಡೆ ನೋಡುತ್ತಾ ಕೂತೆ.

ನಿಮ್ಮ ಕೊನೆಯ ಬರಹದಲ್ಲಿ, ಓದುವವರು ಮೂರೇ ಮಕ್ಕಳು, ನಿಲ್ಲಿಸಿಬಿಡಲೇ ಅಂತ ಕೇಳಿದ್ದೀರಿ. ಕೆಳಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತಿದ್ದೇನೆ. ನಿಲ್ಲಿಸಬೇಡಿ. ಮೂವರಿಗೇ ಬರೆಯಿರಿ, ಆದರೆ ಆ ಎಮ್ಮೆ, ಜ್ವರ, ಕೆಮ್ಮು ಯಾವುದನ್ನೂ ಬಿಡಬೇಡಿ. ಪ್ರತಿ ಉತ್ತರದಲ್ಲೂ ಆ ಮಗುವಿನ ಮನೆ ಇರಲಿ. ನನ್ನಂಥವರು ಕದ್ದರೆ ಸಿಕ್ಕಿಬೀಳಲಿ.

ಇಷ್ಟು ಬರೆಯುವ ಹೊತ್ತಿಗೆ ಗೋಡೆ ಬೆಳಗಿತು. ಹೊಂಬಾಳೆ ಲೆಕ್ಕ ಬರೆದಿಲ್ಲ. ಒಂದೇ ಪ್ರಶ್ನೆ ಬರೆದಿದ್ದಾಳೆ: ‘ಇದನ್ನ ಬರೀತಿರೋದು ಯಾರು?’

ನಿಮ್ಮ ಬ್ಲಾಗಿನಲ್ಲಿ ಇದಕ್ಕೆ ಉತ್ತರವಿಲ್ಲ, ಮೇಡಂ. ನಾನು ಹುಡುಕುವುದೂ ಇಲ್ಲ. ಅಪ್ಪಣೆ ಕೊಡಿ, ಆ ಮಗು ಕಾಯುತ್ತಿದೆ.

ನಿಜಗುಣ